ತುಂಗಭದ್ರೆಯ ಗನ್‌ಬೋಟ್

ಬೆಂಗಳೂರಿನ ಯಾವುದೇ ಸಾಫ್ಟ್‌ವೇರ್ ಕಂಪನಿಯ ಮೇಜುಗಳ ಮೇಲೆ ಒಮ್ಮೆ ಕಣ್ಣು ಹಾಯಿಸಿ. ಮಾನಿಟರಿನ ಪಕ್ಕ ಒಂದು ಪುಟಾಣಿ ಜರ್ಮನ್ ಟ್ಯಾಂಕು, ಅದರ ಬುಡದಲ್ಲಿ ನಾಲ್ಕು ಜನ ಅಮೆರಿಕನ್ ಸೈನಿಕರು, ಒಬ್ಬ ರೋಮನ್ ಯೋಧ, ಇನ್ನೊಬ್ಬ ಸಮುರಾಯ್. ಎಲ್ಲರೂ ಆನ್‌ಲೈನಿನಲ್ಲಿ ತರಿಸಿಕೊಂಡವರು, ಎಲ್ಲರೂ ದುಬಾರಿ. ಒಬ್ಬನಿಗೂ ಕನ್ನಡ ಬರಲ್ಲ!

ತಮಾಷೆಗೆ ಹೇಳ್ತಿಲ್ಲ. ಆಟಿಕೆ ಸೈನಿಕರನ್ನು ಕೂಡಿಡೋದು, ಮಾಡೆಲ್ ದೋಣಿ-ಟ್ಯಾಂಕು ಕಟ್ಟೋದು ನನಗೂ ಇರೋ ಚಟ. ಹಾಗಾಗಿ ಈ ಮಾತನ್ನು ಒಳಗಿನವನಾಗಿಯೇ ಹೇಳ್ತಿದ್ದೀನಿ. ನಮ್ಮ ಈ ಹವ್ಯಾಸಕ್ಕೆ ಕೈಚಳಕದ ಕೊರತೆ ಇಲ್ಲ, ದುಡ್ಡಿನ ಕೊರತೆಯೂ ಅಷ್ಟಾಗಿ ಇಲ್ಲ. ಇರೋದು ಊರಿನ ಕೊರತೆ. ನಾರ್ಮಂಡಿಯ ಕಡಲತೀರದಲ್ಲಿ ಮರಳು ಯಾವ ಬಣ್ಣ ಅಂತ ಗೂಗಲ್ ಮಾಡಿ ತಿಳ್ಕೊಳ್ತೀವಿ. ಹೊನ್ನಾಳಿ ಹೊಳೆಯ ಮರಳು ಯಾವ ಬಣ್ಣ ಅಂತ ಯಾರೂ ಕೇಳಲ್ಲ. ನಮ್ಮ ಊರುಗಳನ್ನೇ ಕಟ್ಟಿದರೆ ಈ ಆಟ ಎರಡು ಪಟ್ಟು ಚೆನ್ನಾಗಿರುತ್ತೆ, ಊರಿಗೂ ಏನೋ ಒಂದು ಉಳಿಯುತ್ತೆ ಅನ್ನೋದು ನನ್ನ ವಾದ.

ನಾನು ಹೊನ್ನಾಳಿಯವನು. ಇಂಜಿನಿಯರಿಂಗ್ ಓದುವಾಗ ಜೊತೆಗಿದ್ದ ಮೂವರು ಗೆಳೆಯರು ಚನ್ನಗಿರಿ, ನ್ಯಾಮತಿ, ಜಗಳೂರಿನವರು. ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲೂಕುಗಳು. (ನ್ಯಾಮತಿ 2018ರವರೆಗೆ ನಮ್ಮ ಹೊನ್ನಾಳಿ ತಾಲೂಕಿನಲ್ಲೇ ಇತ್ತು. ಈಗ ನ್ಯಾಮತಿಯವನು "ನಮ್ದು ಬೇರೆ ತಾಲೂಕಪ್ಪಾ" ಅಂತ ಮೀಸೆ ತಿರುವುತ್ತಾನೆ!) ಸಮುದ್ರ ನೋಡಬೇಕಂದ್ರೆ ಘಟ್ಟ ಇಳಿಯಬೇಕಾದ ಊರುಗಳು ಇವು. ಅಂಥ ನಾಲ್ವರು ಸೇರಿ ಮೊದಲು ಮಾಡಿದ್ದು ಒಂದು ಯುದ್ಧನೌಕೆ. ಅದೂ ಸಾಮಾನ್ಯದ್ದಲ್ಲ, ಐಎನ್‌ಎಸ್ ಚಪಲ್.

ಕಾರವಾರಕ್ಕೆ ಹೋದವರು ನೋಡಿರ್ತೀರಿ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ದಡದ ಮೇಲೆ ನಿಲ್ಲಿಸಿದ್ದಾರಲ್ಲ, ಅದೇ ಕ್ಷಿಪಣಿ ದೋಣಿ. ರಷ್ಯಾದಲ್ಲಿ ತಯಾರಾದ ಓಸಾ ಮಾದರಿಯದ್ದು. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾಯಿತು, ಆಮೇಲೆ ವಸ್ತುಸಂಗ್ರಹಾಲಯವಾಯಿತು. ಉದ್ದ 38.6 ಮೀಟರ್, ತೂಕ ಸುಮಾರು 245 ಟನ್, ಸಿಬ್ಬಂದಿ ಸುಮಾರು 30 ಜನ. ಅಷ್ಟು ಸಣ್ಣ ಮೈಮೇಲೆ ನಾಲ್ಕು ದೊಡ್ಡ ಕ್ಷಿಪಣಿಗಳ ಪೆಟ್ಟಿಗೆ, ಹಿಂದೆ ಮುಂದೆ ಒಂದೊಂದು ಜೋಡಿ 30 ಮಿಲಿಮೀಟರ್ ಬಂದೂಕು. ಹಳೇ ಕಾಲದ ಗನ್‌ಬೋಟ್ ಅನ್ನೋದರ ಅರ್ಥವೇ ಇದು: ದೋಣಿ ಸಣ್ಣದು, ಹೊತ್ತ ಆಯುಧ ದೊಡ್ಡದು. ಕ್ಷಿಪಣಿ ದೋಣಿ ಅದರ ಮೊಮ್ಮಗ.

ಇಲ್ಲಿ ಸ್ವಲ್ಪ ಲೆಕ್ಕ. (ಬೋರ್ ಹೊಡೆದರೆ ಮುಂದಿನ ಪ್ಯಾರಾಕ್ಕೆ ಹಾರಿ, ಬೇಜಾರಿಲ್ಲ.) ಮನೆಯಲ್ಲಿ ಅಣ್ಣನ ಹಳೇ ಜಿ.ಐ. ಜೋ ಗೊಂಬೆಗಳಿದ್ದವು, ಫನ್‌ಸ್ಕೂಲ್‌ನವು. ಮೂರೂಮುಕ್ಕಾಲು ಇಂಚು ಎತ್ತರ, ಅಂದರೆ ನಿಜವಾದ ಮನುಷ್ಯನ ಸುಮಾರು ಹದಿನೆಂಟನೇ ಒಂದು ಭಾಗ. ಆ ಅಳತೆಗೆ ಚಪಲ್ ಕಟ್ಟಿದರೆ ಉದ್ದ 2.14 ಮೀಟರ್, ಏಳು ಅಡಿ! ಅದನ್ನಿಟ್ಟರೆ ಮನೆಯವರು ಹೊರಗೆ ಮಲಗಬೇಕು. 1:72ಕ್ಕೆ ಇಳಿಸಿದರೆ ದೋಣಿ 54 ಸೆಂಟಿಮೀಟರ್, ಆದರೆ ಸೈನಿಕ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ. ಅಜ್ಜಿಯ ಕಣ್ಣಿಗೆ ಅವನು ಇರುವೆ. 1:35 ತಗೊಂಡರೆ ದೋಣಿ 1.1 ಮೀಟರ್, ಮನುಷ್ಯ 5 ಸೆಂಟಿಮೀಟರ್. ಮುಖ ಕಾಣುತ್ತೆ, ಮೇಜಿನ ಮೇಲೆ ಹಿಡಿಸುತ್ತೆ. ಅದೇ ಗಟ್ಟಿಯಾಯಿತು. ಸನ್‌ಬೋರ್ಡ್, ಫೆವಿಕ್ವಿಕ್, ಎಂ-ಸೀಲ್, ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಪೈಪಿನ ತುಂಡುಗಳು, ಇಷ್ಟೇ ಸಾಮಾನು. ನ್ಯಾಮತಿಯವನ ಮನೆಯ ಹಿಂದಿನ ಶೆಡ್ಡೇ ನಮ್ಮ ಹಡಗುಕಟ್ಟೆ.

ದಸರೆಗೆ ಊರಿನಲ್ಲಿ ಅದನ್ನು ಹೊರಗಿಟ್ಟೆವು. ನಮ್ಮ ಕಡೆ ಮೈಸೂರಿನ ಹಾಗೆ ಮನೆಮನೆಯಲ್ಲಿ ಗೊಂಬೆ ಕೂರಿಸೋ ರೂಢಿ ಅಷ್ಟಿಲ್ಲ. ಆದರೆ ನೋಡೋಕೆ ಬಂದವರು ಬಂದರು. ಅವತ್ತು ನಾನು ಗಮನಿಸಿದ್ದು ಒಂದೇ ವಿಷಯ. ಖಾಲಿ ದೋಣಿ ಇಟ್ಟಾಗ ದೊಡ್ಡವರು "ಚೆನ್ನಾಗಿದೆ, ಎಷ್ಟು ಖರ್ಚಾಯ್ತು?" ಅಂತ ಕೇಳಿ ಕಾಫಿ ಕುಡಿದು ಹೋದರು. ಸಂಜೆ ಡೆಕ್ಕಿನ ಮೇಲೆ ಹನ್ನೆರಡು ಜನ ನಾವಿಕರನ್ನು ನಿಲ್ಲಿಸಿದ ಮೇಲೆ ಮಕ್ಕಳು ಅಲ್ಲಿಂದ ಕದಲಲೇ ಇಲ್ಲ. "ಇವನು ಯಾಕೆ ಒಬ್ಬನೇ ನಿಂತಿದ್ದಾನೆ?" "ಇವನಿಗೆ ಊಟ ಎಲ್ಲಿ?" "ರಾತ್ರಿ ಎಲ್ಲಿ ಮಲಗ್ತಾರೆ?" ಕಾರವಾರದ ನಿಜವಾದ ಚಪಲ್‌ನ ಒಳಗೂ ನಾವಿಕರ ಪ್ರತಿಕೃತಿಗಳನ್ನು ಇಟ್ಟಿದ್ದಾರೆ. ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು. ಮನುಷ್ಯನಿಲ್ಲದ ದೋಣಿ ಬರೀ ತಗಡು. ಮನುಷ್ಯ ಹತ್ತಿದ ಕೂಡಲೇ ಅದು ಪ್ರಶ್ನೆ ಕೇಳಿಸುತ್ತೆ.

ಪ್ರಶ್ನೆ ಬಂದ ಮೇಲೆ ಉತ್ತರ ಸರಿಯಾಗಿರಬೇಕಲ್ಲ? ಅಲ್ಲೇ ಜಗಳ ಶುರುವಾಗಿದ್ದು.

ನಮ್ಮ ಕಡೆಯ ಒಂದು ಶಾಲೆಯವರು ಚಪಲ್ ಮಾಡೆಲನ್ನು ತಮ್ಮಲ್ಲಿಡಲು ಕೇಳಿದರು. ಖುಷಿಯಿಂದ ಒಪ್ಪಿದೆವು. ಅವರು ಬರೆಸಿದ್ದ ಫಲಕದಲ್ಲಿ "1971ರಲ್ಲಿ ಕರಾಚಿಯನ್ನು ಸುಟ್ಟ ದೋಣಿ" ಅಂತಿತ್ತು. ಕೇಳೋಕೆ ರೋಮಾಂಚನವಾಗುತ್ತೆ. ಆದರೆ ಚಪಲ್ ನೌಕಾಪಡೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಹೋದವು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು. ಅವು ಚಪಲ್‌ನ ಅಕ್ಕಂದಿರು ಅನ್ನಬಹುದು, ಓಸಾದ ಮೊದಲ ಮಾದರಿಯವು. ಅಷ್ಟು ದೂರಕ್ಕೆ ಸಾಕಾಗುವ ಇಂಧನ ಅವುಗಳಲ್ಲಿ ಹಿಡಿಸುತ್ತಿರಲಿಲ್ಲ. ಅದಕ್ಕೇ ಸ್ವಲ್ಪ ದೂರ ಬೇರೆ ಹಡಗುಗಳು ಕಟ್ಟಿ ಎಳೆದುಕೊಂಡು ಹೋಗಿದ್ದವು. ನಮ್ಮ ನೌಕಾಪಡೆ ಡಿಸೆಂಬರ್ 4ನ್ನು ನೌಕಾಪಡೆ ದಿನ ಅಂತ ಆಚರಿಸೋದು ಆ ಕಾರ್ಯಾಚರಣೆಯ ನೆನಪಿಗೆ. ಈ ನಿಜವೇ ಸುಳ್ಳಿಗಿಂತ ರೋಚಕವಾಗಿಲ್ವಾ ಹೇಳಿ? ಫಲಕ ಬದಲಿಸಿದರು, ಒಲ್ಲದ ಮನಸ್ಸಿನಿಂದ.

ಎರಡನೇ ವರ್ಷ ನಾವು ಸಮುದ್ರ ಬಿಟ್ಟು ಹೊಳೆಗೆ ಬಂದೆವು. ಈ ಬರಹದ ನಿಜವಾದ ವಿಷಯ ಅದೇ.

ಆಟಿಕೆ ಸೈನಿಕರ ಜಗತ್ತಿನಲ್ಲಿ ವಾಟರ್ಲೂ ಅಂದರೆ ಕಾಶಿ-ರಾಮೇಶ್ವರ ಇದ್ದ ಹಾಗೆ. 1893ರಲ್ಲಿ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಅಗ್ಗವಾಗಿ ಮಾಡಲು ಶುರು ಮಾಡಿತು. 54 ಮಿಲಿಮೀಟರ್ ಎತ್ತರ ಅನ್ನೋ ಅಳತೆ ರೂಢಿಯಾದದ್ದು ಅಲ್ಲಿಂದ. ಆವಾಗಿನಿಂದ ಇವತ್ತಿನ ಪ್ಲಾಸ್ಟಿಕ್ ಡಬ್ಬಿಗಳವರೆಗೆ ನೆಪೋಲಿಯನ್ ಮತ್ತು ಡ್ಯೂಕ್ ಆಫ್ ವೆಲಿಂಗ್ಟನ್ ಮಾರಾಟವಾಗ್ತಾನೇ ಇದ್ದಾರೆ. 1815ರಲ್ಲಿ ನೆಪೋಲಿಯನ್ನನ್ನು ಸೋಲಿಸಿದ ಆ ವೆಲಿಂಗ್ಟನ್, ಅದಕ್ಕೆ ಹದಿನೈದು ವರ್ಷ ಮೊದಲು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ತಾನೇ ಸ್ವತಂತ್ರವಾಗಿ ನಡೆಸಿದ ಮೊದಲ ದಂಡಯಾತ್ರೆ ಯಾರ ಮೇಲೆ ಗೊತ್ತಾ?

ಚನ್ನಗಿರಿಯ ಒಬ್ಬ ಮನುಷ್ಯನ ಮೇಲೆ!

ಹೌದು, ಧೊಂಡಿಯಾ ವಾಘ್. ಹುಟ್ಟಿದ್ದು ಚನ್ನಗಿರಿಯಲ್ಲಿ, ಮರಾಠಾ ಮನೆತನ. ಹೈದರಾಲಿಯ ಕಾಲದಲ್ಲಿ ಕುದುರೆ ದಳದಲ್ಲಿದ್ದ. ಮುಂದೆ ಟಿಪ್ಪುವಿನ ಸೆರೆಯಾಳಾಗಿ ಶ್ರೀರಂಗಪಟ್ಟಣದಲ್ಲಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ. ಕೆಲಸವಿಲ್ಲದೆ ಉಳಿದಿದ್ದ ಟಿಪ್ಪುವಿನ ಸವಾರರನ್ನು ಕೂಡಿಸಿಕೊಂಡು ನೇರ ನಮ್ಮ ಕಡೆಗೇ ಬಂದ. ಅದೇ ವರ್ಷ ಬ್ರಿಟಿಷ್ ತುಕಡಿಗಳು ಅವನನ್ನು ಹೊನ್ನಾಳಿ, ಶಿಕಾರಿಪುರದ ಕಡೆಯಿಂದ ಅಟ್ಟಿದವು. ಮರಾಠರ ಸೀಮೆಗೆ ದಾಟಿದವನು ಮರುವರ್ಷ ಇನ್ನೂ ದೊಡ್ಡ ದಂಡು ಕಟ್ಟಿ, ಎರಡೂ ಲೋಕಕ್ಕೆ ತಾನೇ ಒಡೆಯ ಅಂತ ಬಿರುದು ಇಟ್ಟುಕೊಂಡ. (ಒಂದು ಲೋಕ ಸಾಕಾಗಲಿಲ್ಲ ನೋಡಿ ಚನ್ನಗಿರಿಯವರಿಗೆ!) 1800ರ ಜೂನ್‌ನಲ್ಲಿ ವೆಲ್ಲೆಸ್ಲಿ ಹರಿಹರದ ಹತ್ತಿರ ತುಂಗಭದ್ರೆ ದಾಟಿ ಅವನ ಬೆನ್ನು ಹತ್ತಿದ. ಸೆಪ್ಟೆಂಬರ್ 10ರಂದು ಕೋನಗಲ್ ಎಂಬಲ್ಲಿ ನಾಲ್ಕು ಕುದುರೆ ರೆಜಿಮೆಂಟುಗಳನ್ನು ತಾನೇ ಮುನ್ನಡೆಸಿ, ಸುಮಾರು 5000 ಸವಾರರಿದ್ದ ಧೊಂಡಿಯಾನ ಮೇಲೆ ಬಿದ್ದ. ಧೊಂಡಿಯಾ ಅಲ್ಲೇ ಸತ್ತ.

ನನ್ನ ಚನ್ನಗಿರಿ ಗೆಳೆಯ ಹತ್ತನೇ ಕ್ಲಾಸಿನಲ್ಲಿ ವಾಟರ್ಲೂ ಇಸವಿ ಬಾಯಿಪಾಠ ಮಾಡಿದವನು. ತನ್ನ ಊರಿನವನ ಹೆಸರು ಕೇಳಿದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ. ಇದು ಅವನ ತಪ್ಪಾ?

ಸರಿ, ಹೊಳೆ ದಾಟುವ ದೃಶ್ಯವನ್ನೇ ಕಟ್ಟೋಣ ಅಂತ ತೀರ್ಮಾನಿಸಿದೆವು. ಈ ಹೊಳೆಗೆ ಯಾವ ದೋಣಿ? ಹರಿಗೋಲು, ಮತ್ತೇನು! ಬಿದಿರಿನ ಬುಟ್ಟಿಗೆ ಹೊರಗಿನಿಂದ ಚರ್ಮ ಹೊದಿಸಿದ ದುಂಡನೆ ದೋಣಿ. ವಿಜಯನಗರಕ್ಕೆ 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಯಸ್ ಕೂಡ ಇದೇ ಹೊಳೆಯಲ್ಲಿ ಇವನ್ನು ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನ ಕೂರುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತಾ ಹೋಗುತ್ತೆ ಅಂತ. ವೆಲ್ಲೆಸ್ಲಿಗೂ ಈ ದೋಣಿ ಎಷ್ಟು ಹಿಡಿಸಿತು ಅಂದರೆ 1803ರ ಮರಾಠಾ ಯುದ್ಧಕ್ಕೆ ತನ್ನ ಸೈನ್ಯಕ್ಕಾಗಿ ಹರಿಗೋಲುಗಳನ್ನೇ ಮಾಡಿಸಿದ.

"ಆದರೆ ಬುಟ್ಟಿಯಲ್ಲಿ ಫಿರಂಗಿ ಹೋಗುತ್ತೇನ್ಲೇ?" ಅಂತ ಜಗಳೂರಿನವನು ಕೇಳಿದ. ಮತ್ತೆ ಲೆಕ್ಕ. ಹತ್ತಡಿ ಅಗಲದ ಹರಿಗೋಲು ಅಂತ ಇಟ್ಟುಕೊಳ್ಳಿ. ತಳದ ವಿಸ್ತೀರ್ಣ ಸುಮಾರು 7.3 ಚದರ ಮೀಟರ್. ಒಂದು ಟನ್ ಭಾರ ಹಾಕಿದರೆ ನೀರಿನಲ್ಲಿ ಮುಳುಗೋದು ಹೆಚ್ಚುಕಡಿಮೆ 14 ಸೆಂಟಿಮೀಟರ್, ಒಂದು ಗೇಣೂ ಇಲ್ಲ! ಆ ಕಾಲದ ಹಗುರ ಆರು ಪೌಂಡಿನ ಫಿರಂಗಿಯ ನಳಿಗೆ ಸುಮಾರು 300 ಕೆಜಿ. ನಾಲ್ಕೈದು ಜನರ ತೂಕ, ಅಷ್ಟೇ. ಹಾಗಾಗಿ ನಮ್ಮ ಮಾಡೆಲಿನಲ್ಲಿ ನಳಿಗೆ ಒಂದು ಹರಿಗೋಲಿನಲ್ಲಿ, ಗಾಲಿಗಳು ಇನ್ನೊಂದರಲ್ಲಿ. ಸಣ್ಣ ದೋಣಿ, ದೊಡ್ಡ ಆಯುಧ. ತುಂಗಭದ್ರೆಯ ಗನ್‌ಬೋಟ್ ಅಂದರೆ ಇದೇ.

1:32ರ ಅಳತೆಗೆ ಹತ್ತಡಿ ಹರಿಗೋಲು ಒಂಬತ್ತೂವರೆ ಸೆಂಟಿಮೀಟರ್ ಆಗುತ್ತೆ. ತೆಂಗಿನ ಪೊರಕೆಯ ಕಡ್ಡಿ ಸೀಳಿ ಹೆಣೆದೆವು, ಹರಿದ ಪರ್ಸಿನ ಚರ್ಮ ಹೊದಿಸಿದೆವು. ಗಾಲಿಗಳನ್ನು ನ್ಯಾಮತಿಯವನ ಮಾವ, ಮರಗೆಲಸದವರು, ಕೆತ್ತಿಕೊಟ್ಟರು. ಎತ್ತುಗಳ ಕೆಲಸ ಜಗಳೂರಿನವನಿಗೆ. "ನಮ್ಮೂರಲ್ಲಿ ಹೊಳೆ ಇಲ್ಲ, ತುಂಗಭದ್ರೆ ನೀರು ತಂದು ಐವತ್ತೇಳು ಕೆರೆ ತುಂಬಿಸೋ ಯೋಜನೆ ಮಾಡಿದ್ದಾರೆ. ಎತ್ತು ಮಾತ್ರ ಮೊದಲಿಂದ್ಲೂ ಇದಾವೆ" ಅಂದ ಅವನು. ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿವರ್ಷ ಎತ್ತು ಮಾಡಿದ ಕೈ ಅದು, ಟ್ರೇನಿಂಗ್ ಬೇಕಿರಲಿಲ್ಲ. ಮಾಡೆಲಿಂಗ್ ವಿದೇಶದಿಂದ ಬಂದ ಹವ್ಯಾಸ ಅನ್ನೋರಿಗೆ ಈ ಅಮಾವಾಸ್ಯೆಯನ್ನು ನೆನಪಿಸಬೇಕು. ವೆಲ್ಲೆಸ್ಲಿಯ ಫಿರಂಗಿಗಳನ್ನು ವೇಗವಾಗಿ ಎಳೆದದ್ದು ಮೈಸೂರಿನ ಅಮೃತಮಹಲ್ ಎತ್ತುಗಳು. ಮುಂದೆ ಸ್ಪೇನಿನ ಯುದ್ಧದಲ್ಲಿ ಅಂಥ ಎತ್ತುಗಳಿಲ್ಲವಲ್ಲ ಅಂತ ಅವನು ಪರಿತಪಿಸಿದ್ದ. ಆ ತಳಿಯ ಸಂವರ್ಧನಾ ಕೇಂದ್ರ ಇರೋದು ಚನ್ನಗಿರಿಗೆ ಹತ್ತಿರದ ಅಜ್ಜಂಪುರದಲ್ಲಿ. ವೆಲಿಂಗ್ಟನ್‌ನ ಡಬ್ಬಿ ಕೊಂಡರೆ ಕುದುರೆ ಬರುತ್ತೆ, ನಮ್ಮ ಎತ್ತು ಬರಲ್ಲ.

ಸೈನಿಕರದ್ದೂ ಅದೇ ಕಥೆ. ಅಂಗಡಿಯಲ್ಲಿ ಸಿಗೋ ಕೆಂಪು ಕೋಟಿನವರೆಲ್ಲ ಬಿಳಿಯರು. ವೆಲ್ಲೆಸ್ಲಿಯ ಸೈನ್ಯದಲ್ಲಿ ಹೆಚ್ಚಿನವರು ನಮ್ಮವರೇ, ಮದರಾಸಿನ ಸಿಪಾಯಿಗಳು. ಕೆಂಪು ಕೋಟು, ತಲೆಗೆ ರುಮಾಲಿನಂಥ ಟೋಪಿ, ಮಂಡಿಯ ಮೇಲೆ ನಿಲ್ಲುವ ಬಿಳಿ ಚಡ್ಡಿ. ಜೊತೆಗೆ ಮೈಸೂರಿನ ಸವಾರರು. ಹುಟ್ಟುಗೋಲು ಹಿಡಿದ ಅಂಬಿಗರು. ಇವರು ಯಾರೂ ಡಬ್ಬಿಯಲ್ಲಿ ಬರಲ್ಲ. ಬಂದ ಬಿಳಿಯರ ಪ್ಯಾಂಟು ಕತ್ತರಿಸಿ, ಎಂ-ಸೀಲಿನಲ್ಲಿ ರುಮಾಲು ಸುತ್ತಿ, ಮೈಬಣ್ಣ ಬಳಿದು ಊರಿನವರನ್ನಾಗಿ ಮಾಡಿದೆವು. ಅಂಬಿಗರನ್ನಂತೂ ಪೂರ್ತಿ ನಾವೇ ಮಾಡಬೇಕಾಯಿತು.

ಈ ಮಾಡೆಲನ್ನು ಅದೇ ಶಾಲೆಗೆ ತಗೊಂಡು ಹೋದೆವು. ಮುಖ್ಯೋಪಾಧ್ಯಾಯರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕನ್ನಡಕ ತೆಗೆದು ಕೇಳಿದರು: "ಚೆನ್ನಾಗಿದೆಯಪ್ಪ. ಇದರಲ್ಲಿ ಹೀರೋ ಯಾರು?"

"ಯಾರೂ ಅಲ್ಲ ಸಾರ್" ಅಂದೆ.

"ಹಂಗಾದ್ರೆ ಮಕ್ಕಳಿಗೆ ಏನಂತ ಹೇಳೋದು?" ಅಂದರು. ತಗೊಳ್ಳಲಿಲ್ಲ.

ಅವರನ್ನು ಬೈಯೋಕೆ ಇದನ್ನು ಬರೀತಿಲ್ಲ. ಅವರ ಪ್ರಶ್ನೆ ಪ್ರಾಮಾಣಿಕವಾದದ್ದು, ಅದಕ್ಕೆ ಉತ್ತರ ಕೊಡಲೇಬೇಕು. ಧೊಂಡಿಯಾ ಯಾರು? ಬ್ರಿಟಿಷರ ಕಾಗದಪತ್ರ ನೋಡಿದರೆ ಲೂಟಿಕೋರ. ಇವತ್ತು ಕೆಲವರ ಬಾಯಲ್ಲಿ ಸ್ವಾತಂತ್ರ್ಯ ಹೋರಾಟಗಾರ. ಅವನು ಕಂಪನಿಯ ವಿರುದ್ಧ ಸತ್ತದ್ದೂ ನಿಜ, ಹಳ್ಳಿಗಳನ್ನು ದೋಚಿ ದಂಡು ಸಾಕಿದ್ದೂ ನಿಜ. ಒಂದು ಪುತ್ಥಳಿಗೆ ಇವೆರಡನ್ನೂ ಹೇಳೋಕಾಗಲ್ಲ, ಅದಕ್ಕೆ ಒಂದೇ ಮುಖ. ಮೇಜಿನ ಮೇಲಿನ ಮಾಡೆಲಿಗೆ ನಾಲ್ಕು ಕಡೆ. ಒಂದು ಕಡೆ ನಿಂತರೆ ವೆಲ್ಲೆಸ್ಲಿಯ ಬೆನ್ನು ಕಾಣುತ್ತೆ, ಇನ್ನೊಂದು ಕಡೆ ನಿಂತರೆ ಅಂಬಿಗನ ಮುಖ. ಯಾರ ಸೈನ್ಯ ಬಂದರೂ ಅವನೇ ದಾಟಿಸಬೇಕು. "ಇವನಿಗೆ ಕೂಲಿ ಕೊಟ್ರಾ?" ಅಂತ ಒಂದು ಮಗು ಕೇಳಿದರೆ ಸಾಕು, ಅವತ್ತಿನ ಇತಿಹಾಸದ ಪಾಠ ಮುಗಿಯಿತು.

ಇನ್ನೊಂದು ಆಕ್ಷೇಪ ಮನೆಯಲ್ಲೇ ಬಂತು. "ಯುದ್ಧದ ಗೊಂಬೆ ಮಕ್ಕಳ ಮುಂದೆ ಯಾಕೋ?" ಅಂತ ಅಮ್ಮ. ಇದೂ ತಳ್ಳಿಹಾಕೋ ಮಾತಲ್ಲ. 2025ರಲ್ಲಿ ಆಪರೇಷನ್ ಸಿಂಧೂರದ ಥೀಮಿನ ಗಣಪತಿ ಮಂಟಪಗಳು ಎಷ್ಟೋ ಊರುಗಳಲ್ಲಿ ಬಂದವು. ಕ್ಷಿಪಣಿ ಹಾರುತ್ತೆ, ಬೆಂಕಿ ಏಳುತ್ತೆ, ಮಕ್ಕಳು ಚಪ್ಪಾಳೆ ತಟ್ಟುತ್ತವೆ. ಸೈನಿಕರ ಬಗ್ಗೆ ಹೆಮ್ಮೆ ಇರಬೇಕು, ನನಗೂ ಇದೆ. ಆದರೆ ಮನುಷ್ಯರಿಲ್ಲದ ಕ್ಷಿಪಣಿ ನೋಡಿ ಚಪ್ಪಾಳೆ ಮಾತ್ರ ಬರುತ್ತೆ, ಪ್ರಶ್ನೆ ಬರಲ್ಲ. ಆಟಿಕೆ ಸೈನಿಕರ ಆಟಕ್ಕೆ ನಿಯಮ ಬರೆದು 1913ರಲ್ಲಿ "ಲಿಟಲ್ ವಾರ್ಸ್" ಅನ್ನೋ ಪುಸ್ತಕ ತಂದ ಎಚ್.ಜಿ. ವೆಲ್ಸ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಪುಟ್ಟ ಯುದ್ಧ ಆಡಿ ನೋಡಿದವನಿಗೆ ದೊಡ್ಡ ಯುದ್ಧ ಎಂಥ ಮೂರ್ಖತನ ಅಂತ ಗೊತ್ತಾಗುತ್ತೆ ಅಂತ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು, ಯಾರೂ ಅವನ ಮಾತು ಕೇಳಲಿಲ್ಲ ಬಿಡಿ. ಆದರೂ ಐದು ಸೆಂಟಿಮೀಟರ್ ಮನುಷ್ಯನ ಕಣ್ಣಿಗೆ ಒಂದೇ ಕೂದಲಿನ ಕುಂಚದಿಂದ ಚುಕ್ಕಿ ಇಡುವಾಗ ಅವನನ್ನು ಬರೀ ಲೆಕ್ಕದ ತಲೆ ಅಂತ ನೋಡೋಕಾಗಲ್ಲ. ಇದು ನನ್ನ ಅನುಭವ.

ಅಮ್ಮನಿಗೆ ಕೊನೆಗೆ ಇಷ್ಟವಾದದ್ದು ನಮ್ಮ ಮಾಡೆಲಿನ ಎರಡನೇ ಹಲಗೆ. ಅದು ಕೋನಗಲ್. ಅಲ್ಲಿ ಕಾಳಗ ಇಲ್ಲ, ಕಾಳಗ ಮುಗಿದ ಮೇಲಿನ ಹೊತ್ತು. ಬಿದ್ದ ಗುಡಾರ, ಚೆಲ್ಲಿದ ಸಾಮಾನು, ಮತ್ತೆ ಒಬ್ಬ ಪುಟ್ಟ ಹುಡುಗ. ಅವತ್ತು ಧೊಂಡಿಯಾನ ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಸಲಾಬತ್ ಖಾನ್ ಸಿಕ್ಕ. ಧೊಂಡಿಯಾನ ಮಗ ಅಂತ ಕೆಲವರು, ಸಾಕುಮಗ ಅಂತ ಕೆಲವರು. ತಂದೆಯನ್ನು ಕೊಂದ ಸೈನ್ಯದ ಮುಖ್ಯಸ್ಥನೇ ಅವನನ್ನು ತನ್ನ ಡೇರೆಗೆ ಕರೆದುಕೊಂಡು ಹೋಗಿ ಸಾಕಿದ. ಭಾರತ ಬಿಟ್ಟು ಹೋಗುವಾಗ ಅವನ ಖರ್ಚಿಗೆ ಹಣವನ್ನೂ ಇಟ್ಟು ಹೋದ. ಹುಡುಗ ದೊಡ್ಡವನಾಗಿ ಮೈಸೂರು ಅರಸರ ಸೇವೆಗೆ ಸೇರಿದ. 1:32ರಲ್ಲಿ ಅವನ ಎತ್ತರ ಮೂರು ಸೆಂಟಿಮೀಟರ್. ಲೋಕದ ಯಾವ ವೆಲಿಂಗ್ಟನ್ ಡಬ್ಬಿಯಲ್ಲೂ ನನಗೆ ಅವನು ಸಿಕ್ಕಿಲ್ಲ. ಅವನನ್ನು ನಾವೇ ಮಾಡಿದೆವು, ಮಣ್ಣೆತ್ತಿನ ಉಳಿದ ಮಣ್ಣಿನಲ್ಲಿ.

ನನ್ನ ಸಲಹೆ ಇಷ್ಟೇ. ನಾಲ್ಕೂ ತಾಲೂಕಿನ ಗ್ರಂಥಾಲಯಗಳಲ್ಲಿ, ಮನಸ್ಸಿದ್ದ ಶಾಲೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದೊಂದು ಊರಿನ ದೃಶ್ಯ ಇಡೋಣ. ಚನ್ನಗಿರಿಗೆ ಸೂಳೆಕೆರೆಯ ಏರಿ ಕಟ್ಟುವ ಜನ, ಇಲ್ಲವೇ ಸಂತೇಬೆನ್ನೂರಿನ ಪುಷ್ಕರಣಿ. ಹೊನ್ನಾಳಿಗೆ ಹರಿಗೋಲು. ಜಗಳೂರಿಗೆ ಕೆರೆಗೆ ಹೊಳೆ ನೀರು ಬಂದ ದಿನ. ನ್ಯಾಮತಿಯವರು ತಮಗೇನು ಬೇಕೋ ಅವರೇ ಹೇಳಲಿ, ಈಗ ಬೇರೆ ತಾಲೂಕಲ್ವಾ! ಸರ್ಕಾರಕ್ಕೆ ಅರ್ಜಿ ಹಾಕಿ ಕಾಯಬೇಕಾಗಿಲ್ಲ. ಒಂದು ವಿದೇಶಿ ಟ್ಯಾಂಕ್ ಡಬ್ಬಿಯ ದುಡ್ಡಿನಲ್ಲಿ ನಮ್ಮ ಎರಡು ಹಲಗೆಗಳೂ ಮುಗಿದಿದ್ದವು. ಷರತ್ತು ಎರಡೇ. ಫಲಕದಲ್ಲಿ ನಿಜ ಇರಬೇಕು, ಸೋತವರೂ ಕೂಲಿಯವರೂ ಕಾಣಬೇಕು.

ಹರಿಗೋಲಿನ ಮಾಡೆಲ್ ಸದ್ಯಕ್ಕೆ ನ್ಯಾಮತಿಯ ಆ ಶೆಡ್ಡಿನಲ್ಲೇ ಇದೆ, ಮೇಲೊಂದು ಹಳೇ ಪಂಚೆ ಹೊದ್ದುಕೊಂಡು. ಹೀರೋ ಯಾರು ಅಂತ ಕೇಳದ ಯಾವುದಾದರೂ ಶಾಲೆ ನಿಮ್ಮ ಕಡೆ ಇದ್ದರೆ ಹೇಳಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದುಕೊಡ್ತೀವಿ.